ಕರುವಿನ ಕೊರಳಿಗೆ ಕಟ್ಟಿದ ಹೆಸರು

ಮೇವು ಬಳಗ ಟ್ರಸ್ಟ್, ಚಳ್ಳಕೆರೆ
20 ಜನವರಿ 2025

ನಾಗಭೂಷಣ ಸರ್ ಅವರಿಗೆ ನಮಸ್ಕಾರ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಹೋದ ವರ್ಷ ನೀವು ಕಳಿಸಿದ ದೇಣಿಗೆಗೆ ನಮ್ಮಿಂದ ಬಂದದ್ದು ಬರೀ ಒಂದು ರಸೀದಿ, ಅದೂ ನೀವೇ ನೆನಪು ಮಾಡಿದ ಮೇಲೆ. "ಈ ಮನುಷ್ಯ ಫೋನ್ ಎತ್ತಲ್ಲ, ವಾಟ್ಸಾಪ್ ನೋಡಲ್ಲ, ಹೆಂಗ್ ಹಿಡಿಯೋದ್ರಿ ಮೇಡಂ" ಎಂದು ನಮ್ಮ ಆಫೀಸಿನ ಓಬಳೇಶ ಗೊಣಗುತ್ತಿದ್ದ. ನೀವು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಕಾಗದ ಬರೆದರೆ ಮಾತ್ರ ಉತ್ತರ ಕೊಡುತ್ತೀರಿ ಎಂದು ಆಮೇಲೆ ಗೊತ್ತಾಯಿತು. ಸರಿ, ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೊಳ್ಳಿ.

ನಾನು ಶೈಲಜಾ. ಟ್ರಸ್ಟಿನಲ್ಲಿ ದಾನಿಗಳ ಕೆಲಸ ನನ್ನದು. ಅಂದರೆ ಕೇಳುವುದು, ಕೊಟ್ಟವರಿಗೆ ವಂದನೆ ಹೇಳುವುದು, ಕೊಡದವರನ್ನು ಮತ್ತೆ ಕೇಳುವುದು. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅಂತ ಗಾದೆಯೇ ಇದೆಯಲ್ಲ. ನಮ್ಮ ದಾನಿಗಳು ಕೋಡಂಗಿಗಳಾಗಬಾರದು ಎಂದು ಈ ವರ್ಷ ಪಣ ತೊಟ್ಟಿದ್ದೇನೆ.

ನೀವು ಮೊಳಕಾಲ್ಮೂರಿನವರೇ ಆದ್ದರಿಂದ ದೇವರ ಎತ್ತುಗಳ ವಿಷಯ ಹೊಸದಾಗಿ ಹೇಳಬೇಕಿಲ್ಲ. ಆದರೂ ಎಲ್ಲರಿಗೂ ಬರೆಯುವುದನ್ನು ನಿಮಗೂ ಬರೆದುಬಿಡುತ್ತೇನೆ. ಇವು ಹಟ್ಟಿಯವರು ದೇವರಿಗೆ ಬಿಟ್ಟ ದನ. ನೇಗಿಲಿಗೆ ಕಟ್ಟುವ ಹಾಗಿಲ್ಲ, ಹಾಲು ಕರೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಇವನ್ನು ಕಾಯುವವನು ಕಿಲಾರಿ. ಬರಿಗಾಲಲ್ಲಿ ದನದ ಹಿಂದೆಯೇ ಇರುತ್ತಾನೆ, ಮನೆ ಮಠ ಆಮೇಲೆ. ಬೇಸಿಗೆಯಲ್ಲಿ ಕಾವಲಿನ ಹುಲ್ಲು ಮುಗಿದಾಗ ಶೇಂಗಾ ಹೊಟ್ಟು, ಜೋಳದ ಸಪ್ಪೆ ಒದಗಿಸುವುದು ನಮ್ಮ ಕೆಲಸ. ಹೋದ ವರ್ಷ ನಿಮ್ಮ ಮನೆಯವರ ವರ್ಷದ ತಿಥಿಗೆಂದು ನೀವು ಕೊಟ್ಟಿರಿ. ಕಾರೆಹಟ್ಟಿಯ ಹಿಂಡಿಗೇ ಆಗಬೇಕು ಎಂದೂ ಬರೆದಿದ್ದಿರಿ. ಹಾಗೇ ಮಾಡಿದೆವು.

ಈ ಸಲ ಹೊಸ ಯೋಜನೆಯಿದೆ, "ನಿಮ್ಮ ಹೆಸರಿನ ಕರು". ಬೆಂಗಳೂರಿನ ತರಬೇತಿಯೊಂದರಲ್ಲಿ ಹೇಳಿಕೊಟ್ಟರು: ದಾನಿಗೆ ಹಿಂಡು ತೋರಿಸಬೇಡಿ, ಒಂದು ಮುಖ ತೋರಿಸಿ, ಹಿಂಡು ನೋಡಿ ಯಾರೂ ಅಳುವುದಿಲ್ಲ ಅಂತ. ಒಬ್ಬ ದಾನಿಗೆ ಒಂದು ಕರು. ಅದರ ಕೊರಳಿಗೆ ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ನೀವು ಹೇಳಿದ ಹೆಸರು. ಫೋಟೋ ನಿಮ್ಮ ಮನೆಗೆ ಬರುತ್ತದೆ. ನಿಮ್ಮ ಮನೆಯವರ ಹೆಸರು ಹಾಕಿಸೋಣವೇ?

ವಿಶ್ವಾಸವಿರಲಿ,
ಶೈಲಜಾ

*

ಮೈಸೂರು
3 ಫೆಬ್ರವರಿ 2025

ಶ್ರೀಮತಿ ಶೈಲಜಾ ಅವರಿಗೆ ವಂದನೆಗಳು.

ಕಾಗದ ತಲುಪಿತು. ನಿಮ್ಮ ಅಕ್ಷರಕ್ಕೇನೂ ಆಗಿಲ್ಲ. ಇದಕ್ಕಿಂತ ಕೆಟ್ಟ ವಿಳಾಸಗಳನ್ನು ಓದಿ ಮನೆ ಹುಡುಕಿ ಮುಟ್ಟಿಸಿದವನು ನಾನು.

ನಿಮ್ಮ ಯೋಜನೆಯನ್ನು ಎರಡು ಸಲ ಓದಿದೆ. ಕಾರೆಹಟ್ಟಿಯ ಹಿಂಡನ್ನು ಈಗಲೂ ಗಾದ್ರಪ್ಪನವರೇ ಕಾಯುತ್ತಿದ್ದಾರೆ ತಾನೇ? ಅವರ ಬಲಗಣ್ಣು ಹೇಗಿದೆ? ಚಿಕ್ಕಂದಿನಲ್ಲಿ ಮುಳ್ಳು ಹೊಡೆದು ಮಂಜಾಗಿತ್ತು ಎಂದು ಯಾರೋ ಹೇಳಿದ್ದರು. ಚಳಿಗಾಲದಲ್ಲಿ ಅದರಿಂದ ನೀರು ಸೋರುತ್ತದಂತೆ. ಹೊದೆಯಲು ಒಳ್ಳೆಯ ಕಂಬಳಿ ಇದೆಯೇ ನೋಡಿ, ಇಲ್ಲದಿದ್ದರೆ ಅದರ ಖರ್ಚೂ ನನ್ನದೇ.

ಚೆಕ್ ಇದರೊಂದಿಗೆ ಇದೆ. ಬಿಲ್ಲೆ ಆಗಲಿ. ಆದರೆ ಅದರ ಮೇಲೆ ಇಷ್ಟೇ ಇರಬೇಕು: ರೇಣುಕಮ್ಮ, ಯತ್ತಪ್ಪನ ಮಗಳು. ನನ್ನ ಹೆಸರು ಬೇಡ. ಮತ್ತೊಂದು ಮಾತೂ ಬೇಡ. ಗಾದ್ರಪ್ಪನವರಿಗೆ ಓದು ಬರುವುದಿಲ್ಲ. ಅವರೊಬ್ಬರೇ ಇರುವಾಗ ನೀವೇ ಮೆಲ್ಲಗೆ ಓದಿ ಹೇಳಿ. ಅವರು ಒಪ್ಪಿದರೆ ಅವರ ಕೈಯಿಂದಲೇ ಕಟ್ಟಿಸಿ. ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಅವರು ಏನಂದರು ಎಂಬುದನ್ನು ಒಂದಕ್ಷರ ಬಿಡದೆ ನನಗೆ ಬರೆದು ತಿಳಿಸಿ. ನನಗೆ ಬೇಕಾದ ರಸೀದಿ ಅದೊಂದೇ.

ಮುದುಕನ ಹಟ ಎಂದುಕೊಳ್ಳಿ, ಚಿಂತೆಯಿಲ್ಲ.

ಇಂತಿ,
ನಾಗಭೂಷಣ

*

ಚಳ್ಳಕೆರೆ
27 ಫೆಬ್ರವರಿ 2025

ಸರ್, ನಮಸ್ಕಾರ.

ಕಾರ್ಯಕ್ರಮ ಭಾನುವಾರ ನಡೆಯಿತು. ಅಬ್ಬಾ, ಏನು ಜನ ಅಂತೀರಿ! ನಮ್ಮ ಅಧ್ಯಕ್ಷರು, ಎಣ್ಣೆ ಮಿಲ್ಲಿನ ಕಲ್ಲೇಶಪ್ಪನವರು, ಶಾಮಿಯಾನ ಹಾಕಿಸಿ ಮೈಕ್ ಕಟ್ಟಿಸಿದ್ದರು. ಬಿಸಿಲಿಗೆ ಮಜ್ಜಿಗೆ, ಮಂಡಕ್ಕಿ ಎಲ್ಲ ಇತ್ತು. ನಿಮ್ಮ ಕರುವಿನ ಫೋಟೋ ಲಗತ್ತಿಸಿದ್ದೇನೆ. ಹಣೆಯಲ್ಲಿ ಬಿಳಿ ಚುಕ್ಕಿ ಇರುವ ಹೆಣ್ಣುಗರು, ಇಡೀ ಹಿಂಡಿನಲ್ಲಿ ಅದರ ಮುಖವೇ ಚೆಂದ. ಹುಡುಕಿ ಹುಡುಕಿ ಅದನ್ನೇ ನಿಮಗೆಂದು ಇಟ್ಟಿದ್ದೆ.

ಬಿಲ್ಲೆಯ ವಿಷಯದಲ್ಲಿ ನಾನು ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಂಡೆ, ಬೈಯಬೇಡಿ. ನೀವು ಬರೆದ ಒಕ್ಕಣೆ ತೀರಾ ಬೋಳಾಗಿ ಕಂಡಿತು. ಉಳಿದ ದಾನಿಗಳ ಬಿಲ್ಲೆಯ ಮಾದರಿಯಲ್ಲೇ ಮಾಡಿಸಿದೆ: "ದಿವಂಗತ ರೇಣುಕಮ್ಮನವರ (ಯತ್ತಪ್ಪನವರ ಮಗಳು) ನೆನಪಿಗಾಗಿ ಕಾರೆಹಟ್ಟಿ ಹಿಂಡಿಗೆ, ಪತಿ ನಾಗಭೂಷಣ, ಮೈಸೂರು." ನಿಮ್ಮದು ದೊಡ್ಡ ಸಂಕೋಚ ಸರ್. ಆದರೆ ಕೊಟ್ಟವರ ಹೆಸರು ನಾಲ್ಕು ಜನಕ್ಕೆ ಕಂಡರೆ ಇನ್ನು ನಾಲ್ಕು ಜನ ಕೊಡುತ್ತಾರೆ. ನಮ್ಮ ಕಸುಬಿನ ಮೊದಲ ಪಾಠವೇ ಅದು. ಕಲ್ಲೇಶಪ್ಪನವರು ಎಲ್ಲ ಬಿಲ್ಲೆಗಳನ್ನೂ ಮೈಕಿನಲ್ಲಿ ಗಟ್ಟಿಯಾಗಿ ಓದಿದರು, ನಿಮ್ಮದಕ್ಕಂತೂ ಚಪ್ಪಾಳೆ ಬಿತ್ತು.

ಗಾದ್ರಪ್ಪನವರಿಗೆ ಅವತ್ತು ಮೈಯಲ್ಲಿ ಅಷ್ಟು ಸರಿ ಇರಲಿಲ್ಲ. ಅದಕ್ಕೇ ಫೋಟೋದಲ್ಲಿಲ್ಲ. ಬಿಲ್ಲೆಯನ್ನು ಓಬಳೇಶ ಕಟ್ಟಿದ. ಕಂಬಳಿ ಮುಟ್ಟಿಸಿದ್ದೇವೆ. ತೆರಿಗೆ ವಿನಾಯಿತಿಯ 80ಜಿ ರಸೀದಿ ಈ ಸಲ ತಡವಿಲ್ಲದೆ ಇದರೊಳಗೇ ಇದೆ ನೋಡಿ!

ನಿಮ್ಮ,
ಶೈಲಜಾ

*

ಮೈಸೂರು
6 ಮಾರ್ಚ್ 2025

ಶೈಲಜಾ ಅವರಿಗೆ,

ಫೋಟೋ ನೋಡಿದೆ. ಕರು ಚೆನ್ನಾಗಿದೆ.

ನಾನು ಕೇಳಿದ್ದು ಒಂದೇ ಸಹಾಯ. ಮೆಲ್ಲಗೆ, ಅವರೊಬ್ಬರೇ ಇರುವಾಗ ಎಂದು ಬರೆದಿದ್ದೆ. ನೀವು ಮೈಕಿನಲ್ಲಿ ಓದಿಸಿದಿರಿ. ದಿವಂಗತ ಎಂಬ ಮಾತು ಬೇಡ ಎಂದು ಬರೆದಿರಲಿಲ್ಲ, ನಿಜ. ಬೇರೆ ಯಾವ ಮಾತೂ ಬೇಡ ಎಂದರೆ ಅದೂ ಸೇರಿತು ಎಂದು ನಂಬಿದ್ದೆ. ಒಬ್ಬರು ಸತ್ತಿದ್ದಾರೆ ಎಂಬುದನ್ನು ಚಪ್ಪಾಳೆಯ ನಡುವೆ ಹೇಳಬಾರದಿತ್ತು, ತಾಯಿ.

ಗಾದ್ರಪ್ಪನವರಿಗೆ ಮೈ ಸರಿಯಿರಲಿಲ್ಲ ಎಂದರೆ ಏನು? ಬಿಲ್ಲೆ ಓದುವ ಮೊದಲು ಸರಿಯಿರಲಿಲ್ಲವೋ, ಓದಿದ ಮೇಲೋ? ಅವರು ಒಂದು ಮಾತಾದರೂ ಆಡಿರಬೇಕು. ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ದಾನಿಗೆ ಬರೆಯುವ ಹಾಗೆ ಬರೆಯಬೇಡಿ.

ನಾಗಭೂಷಣ

*

ಚಳ್ಳಕೆರೆ
20 ಮಾರ್ಚ್ 2025

ಸರ್,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಮಾರ್ಚ್ ತಿಂಗಳ ಲೆಕ್ಕಪತ್ರದ ಗಡಿಬಿಡಿ ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮಂಥ ದಾನಿಯನ್ನು ಕಳೆದುಕೊಳ್ಳುತ್ತೇವಲ್ಲ ಎಂಬ ಭಯವೂ ಇತ್ತು.

ಅವತ್ತು ಗಾದ್ರಪ್ಪ ಚೆನ್ನಾಗಿಯೇ ಇದ್ದರು. ರೊಪ್ಪದ ಬಾಗಿಲಲ್ಲಿ, ಅಂದರೆ ದನ ಕೂಡುವ ಮುಳ್ಳುಬೇಲಿಯ ಹತ್ತಿರ, ಕೋಲು ಹಿಡಿದು ನಿಂತಿದ್ದರು. ಕಲ್ಲೇಶಪ್ಪನವರು ನಿಮ್ಮ ಬಿಲ್ಲೆ ಓದಿದ ತಕ್ಷಣ ಮುಂದೆ ಬಂದು, "ಸಾಹುಕಾರ್ರೇ, ಅದನ್ನ ಇನ್ನೊಂದ್ಸಲ ಓದ್ರಿ" ಅಂದರು. ಇವರಿಗೆ ಹುರುಪು ಬಂದು ಇನ್ನೂ ಗಟ್ಟಿಯಾಗಿ ಓದಿದರು. ಆಗಲೇ ಚಪ್ಪಾಳೆ ಬಿದ್ದದ್ದು.

ಗಾದ್ರಪ್ಪ ಕೋಲನ್ನು ಬೇಲಿಗೆ ಒರಗಿಸಿದರು. ನಾವು ಆಗಷ್ಟೇ ಹೊದಿಸಿದ್ದ ಕಂಬಳಿ ತೆಗೆದು ನೆಲದ ಮೇಲಿಟ್ಟರು. ದನದ ಕಡೆಯೂ ನೋಡದೆ, ನಮ್ಮ ಕಡೆಯೂ ನೋಡದೆ ಹೊರಟುಹೋದರು. ಅವತ್ತಿನಿಂದ ಹಿಂಡಿನ ಹತ್ತಿರ ಬಂದಿಲ್ಲ. ಅವರ ದೊಡ್ಡಪ್ಪನ ಮೊಮ್ಮಗನೊಬ್ಬ ದನ ಹೊಡೆದುಕೊಂಡು ಹೋಗುತ್ತಾನೆ. ಅವನ ಕೂಗಿಗೆ ಅವು ಬಗ್ಗುವುದಿಲ್ಲ, ದಿಕ್ಕಿಗೊಂದು ಹೋಗುತ್ತವೆ. ನಿಮ್ಮ ಹೆಸರಿನ ಮೇವಿನ ಲಾರಿಯನ್ನೂ ಅವರು ಇಳಿಸಿಕೊಳ್ಳಲಿಲ್ಲ. ಹೊಟ್ಟು ಇಲ್ಲಿ ಮಿಲ್ಲಿನ ಶೆಡ್ಡಿನಲ್ಲೇ ಬಿದ್ದಿದೆ.

"ದೇವರ ದನಕ್ಕೆ ಮನುಷ್ಯರ ಹೆಸ್ರು ಕಟ್ಟಿದ್ರೆ ಕಿಲಾರಿಗೆ ಸಿಟ್ಟು ಬರ್ದೆ ಇರುತ್ತಾ ಮೇಡಂ, ಅದೂ ಸತ್ತೋರ ಹೆಸ್ರು" ಎಂದು ಓಬಳೇಶ ಹೇಳುತ್ತಾನೆ. ನನಗೂ ಹಾಗೇ ಅನಿಸುತ್ತದೆ. ದೇವರದ್ದನ್ನು ನಾವು ಹಂಚಿ ಮಾರಿದ ಹಾಗಾಯಿತು. ಹೋಗಿ ಮಾತಾಡಬೇಕು ಎಂದುಕೊಂಡೆ. ಹೋದರೆ ಬೈಸಿಕೊಳ್ಳಬೇಕಲ್ಲ ಎಂದು ಮುಂದೂಡುತ್ತಲೇ ಬಂದೆ. ಹಟಮಾರಿ ಮನುಷ್ಯ ಸರ್, ಆ ಹೆಸರಿನ ಒಂದು ಹಿಡಿ ಮೇವೂ ಅವರಿಗೆ ಬೇಡವಂತೆ. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ನೀವು ಒಪ್ಪಿದರೆ ನಿಮ್ಮ ಹಣವನ್ನು ಪರಶುರಾಂಪುರದ ಕಡೆಯ ಬೇರೆ ಹಿಂಡಿಗೆ ಕೊಡುತ್ತೇವೆ. ಅಲ್ಲಿ ಇಂಥ ತಕರಾರಿಲ್ಲ. ನಿಮ್ಮ ಮನೆಯವರ ಹೆಸರಿನಲ್ಲಿ ನೀರಿನ ತೊಟ್ಟಿ ಕಟ್ಟಿಸಿ ಕಲ್ಲು ಹಾಕಿಸಬಹುದು. ಕಲ್ಲನ್ನು ಯಾರೂ ಬೇಡ ಅನ್ನುವುದಿಲ್ಲ.

ಶೈಲಜಾ

*

ಮೈಸೂರು
2 ಏಪ್ರಿಲ್ 2025

ಶೈಲಜಾ ಅವರಿಗೆ,

ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀರಿ. ಅದಕ್ಕೆ ವಂದನೆಗಳು. ಈಗ ನಾನೂ ಇದ್ದದ್ದನ್ನು ಹೇಳಿಬಿಡುತ್ತೇನೆ.

ಆ ಬಿಲ್ಲೆಯ ಮೇಲಿನ ರೇಣುಕಮ್ಮ ಕಾರೆಹಟ್ಟಿಯವಳು. ಗಾದ್ರಪ್ಪನ ಒಡಹುಟ್ಟಿದ ಅಕ್ಕ. ಅವನ ಕಣ್ಣಿಗೆ ಮುಳ್ಳು ಹೊಡೆದಾಗ ಬೆನ್ನ ಮೇಲೆ ಹೊತ್ತುಕೊಂಡು ಮೊಳಕಾಲ್ಮೂರಿನ ಆಸ್ಪತ್ರೆಗೆ ಓಡಿದವಳು ಅವಳೇ.

ನಮ್ಮದು ನೇಯುವ ಮನೆ. ಅವಳು ನಮ್ಮ ಬೀದಿಗೆ ರೇಷ್ಮೆ ನೂಲು ಸುತ್ತುವ ಕೂಲಿಗೆ ಬರುತ್ತಿದ್ದಳು. ನನಗೆ ಅಂಚೆಯಲ್ಲಿ ಕೆಲಸ ಸಿಕ್ಕ ವರ್ಷ ಇಬ್ಬರೂ ಮದುವೆಯಾದೆವು. ಜಾತಿ ಬೇರೆ. ನಮ್ಮಪ್ಪ ಮಗ್ಗದ ಮುಂದಿನಿಂದ ತಲೆ ಎತ್ತಲಿಲ್ಲ, ಅವಳನ್ನು ಒಳಗೆ ಕರೆಯಲಿಲ್ಲ. ಅವಳಪ್ಪ ಯತ್ತಪ್ಪ ಆಗ ಕಿಲಾರಿ. ಇದ್ದ ಮಗಳನ್ನೇ ಇಲ್ಲ ಅಂದುಬಿಟ್ಟ. ಅಲ್ಲಿಂದಾಚೆ ಅವಳಿಗೆ ತವರಿಲ್ಲ. ಹಬ್ಬಕ್ಕೆ ನಾನು ಎಷ್ಟು ಒಳ್ಳೆಯ ಸೀರೆ ತಂದರೂ ಉಟ್ಟುಕೊಂಡು, "ಚೆಂದೈತೆ, ತವರಿಂದಲ್ಲ ಅಷ್ಟೆ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ.

ಹೆಣ್ಣುಮಗಳು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. ನಿಮಗೂ ಗೊತ್ತಿರುವುದೇ. ಕೊನೆಗಾಲದಲ್ಲಿ ಅವಳು ಕೇಳಿದ್ದು ಅದೊಂದನ್ನೇ: "ಗಾದ್ರನಿಗೆ ಹೇಳಿ ಕಳ್ಸ್ರಿ. ಬಂದೇ ಬರ್ತಾನೆ." ನಾನು ಹೇಳಿ ಕಳಿಸಲಿಲ್ಲ. ಹೇಳಿ ಕಳಿಸಿ ಅವನು ಬರದೇ ಹೋದರೆ ಆ ನೋವು ಹೊತ್ತುಕೊಂಡೇ ಅವಳು ಕಣ್ಣು ಮುಚ್ಚಬೇಕಾಗುತ್ತದಲ್ಲ ಎಂದು ಹೆದರಿದೆ. ಇಡೀ ಆಯುಷ್ಯ ಊರವರ ಸುದ್ದಿಯನ್ನೆಲ್ಲ ಮುಟ್ಟಿಸಿದವನು ನಾನು, ನನ್ನ ಮನೆಯದನ್ನು ಮುಟ್ಟಿಸಲಾಗಲಿಲ್ಲ.

ಅವಳ ಬೂದಿಯಲ್ಲಿ ಸ್ವಲ್ಪವನ್ನು ಒಂದು ಮಣ್ಣಿನ ಕುಡಿಕೆಯಲ್ಲಿ ಹಾಕಿ ಹಿತ್ತಿಲ ನುಗ್ಗೆ ಮರಕ್ಕೆ ಕಟ್ಟಿಟ್ಟಿದ್ದೆ. ಬೂದಿಯನ್ನು ಹಾಗೆ ಇಟ್ಟುಕೊಳ್ಳಬಾರದು ಎಂದು ಎಲ್ಲರೂ ಬೈದರು. ಆಮೇಲೆ ಪೇಪರಿನಲ್ಲಿ ನಿಮ್ಮ ಟ್ರಸ್ಟಿನ ವಿಷಯ ಬಂತು, ಅದರಲ್ಲಿ ಕಾರೆಹಟ್ಟಿಯ ಹೆಸರು ಕಂಡಿತು. ನನಗೊಂದು ಉಪಾಯ ಹೊಳೆಯಿತು. ಮೇವು ಕೊಡೋಣ. ಅವಳು ಸತ್ತಳೆಂದು ಹೇಳದೆ ಬರೀ ಅವಳ ಹೆಸರನ್ನು ಅವನ ಕಿವಿಗೆ ಹಾಕೋಣ. ಆ ಹೆಸರನ್ನು ಅವನು ಕೈಯಾರೆ ಕಟ್ಟಿದ ಎಂದು ನೀವು ಬರೆದ ದಿನ ಬಸ್ ಹತ್ತಿ, ಕುಡಿಕೆ ಅವನ ಮುಂದಿಟ್ಟು, ಒಂದು ಸೀರೆ ಹೊದಿಸಪ್ಪ ಎಂದು ಕೇಳೋಣ. ಇದು ನನ್ನ ಲೆಕ್ಕಾಚಾರ. ನೀವು ನನ್ನನ್ನು ಉದಾರಿ ಎಂದುಕೊಂಡಿರಿ. ನಾನು ದಾನ ಮಾಡಲಿಲ್ಲ, ಮೇವಿನ ಲಾರಿಯ ಹಿಂದೆ ಬಚ್ಚಿಟ್ಟುಕೊಂಡೆ.

ಉತ್ತರ ಸಿಕ್ಕಿತು. ಕೋಲು ಒರಗಿಸಿ ಹೋದ. ಅವಳ ಹೆಸರಿನ ಹಿಡಿ ಮೇವೂ ಬೇಡ ಅಂದ.

ಹೋದ ಶನಿವಾರ ಅಮಾವಾಸ್ಯೆ. ಶ್ರೀರಂಗಪಟ್ಟಣಕ್ಕೆ ಹೋಗಿ ಕುಡಿಕೆಯನ್ನು ಕಾವೇರಿಗೆ ಬಿಟ್ಟುಬಂದೆ. ಬೇಡವಾದವಳನ್ನು ಇನ್ನೆಷ್ಟು ದಿನ ಮರಕ್ಕೆ ನೇತುಹಾಕಲಿ? ಮರುದಿನ ಯುಗಾದಿ. ಎಣ್ಣೆ ನೀರು ಹಾಕಿಕೊಳ್ಳಲಿಲ್ಲ, ಬೇವು ಬೆಲ್ಲ ಬಾಯಿಗಿಡಲಿಲ್ಲ.

ಹಣವನ್ನು ಎಲ್ಲಿಗಾದರೂ ಬಳಸಿ. ತೊಟ್ಟಿ ಬೇಡ, ಕಲ್ಲು ಬೇಡ. ಇನ್ನು ನನಗೆ ಬರೆಯಬೇಡಿ.

ನಾಗಭೂಷಣ

*

ಚಳ್ಳಕೆರೆ
12 ಏಪ್ರಿಲ್ 2025

ಸರ್,

ಬರೆಯಬೇಡಿ ಅಂದಿರಿ. ಬರೆಯದೆ ಇರುವಂತಿಲ್ಲ. ಇದನ್ನು ಕೊನೆಯವರೆಗೂ ಓದಿ, ಕೈ ಮುಗಿದು ಕೇಳುತ್ತೇನೆ.

ನಿಮ್ಮ ಕಾಗದ ಓದಿದ ದಿನವೇ ಕಾರೆಹಟ್ಟಿಗೆ ಹೋದೆ. ಫೆಬ್ರವರಿಯಲ್ಲೇ ಹೋಗಬೇಕಿತ್ತು. ಬೈಗುಳಕ್ಕೆ ಹೆದರಿ ಆಫೀಸಿನಲ್ಲಿ ಫ್ಯಾನ್ ಕೆಳಗೆ ಕೂತು ನಿಮಗೆ ಕಾಗದ ಬರೆಯುತ್ತಿದ್ದೆ. ಥೂ ನನ್ನ ಜನ್ಮಕ್ಕೆ.

ಹಟ್ಟಿಯ ಹೊರಗೆ ಒಂದು ಜಾಲಿ ಮರ. ಅದರ ಕೆಳಗೆ ಗಾದ್ರಪ್ಪ ಒಬ್ಬರೇ ಕೂತಿದ್ದರು. ತಲೆ ಬೋಳಿಸಿದ್ದರು. ಮೀಸೆಯೂ ಇಲ್ಲ. ನನಗೆ ಗುರುತೇ ಸಿಗಲಿಲ್ಲ. ಅವರ ಹೆಂಡತಿ ಕರಿಯಕ್ಕ ದೂರದಿಂದಲೇ ಮುದ್ದೆಯ ತಟ್ಟೆ ಇಟ್ಟು ಬರುತ್ತಿದ್ದರು. ನನ್ನನ್ನು ಕಂಡವರೇ ಅಡ್ಡ ಹಾಕಿಕೊಂಡರು.

"ಈಗ ಬಂದ್ರೇನಮ್ಮ? ಮೈಕ್‌ನಾಗೆ ಅಕ್ಕ ಸತ್ತಳು ಅಂತ ಕೂಗಿ ಹೋದೋರು ಹಿಂದಕ್ಕೆ ನೋಡ್ಲಿಲ್ಲ. ಈ ಮನುಷ್ಯ ಅವತ್ತಿಂದ ಸೂತಕ ಹಿಡ್ಕಂಡು ಕುಂತೈತೆ."

"ಸೂತಕನಾ? ಸಿಟ್ಟಲ್ವಾ?" ಅಂದೆ.

"ಯಾರ ಮೇಲೆ ಸಿಟ್ಟು? ಸೂತಕ ಇದ್ದೋನು ದೇವರ ದನ ಮುಟ್ಟಂಗಿಲ್ಲ, ಅವಕ್ಕೆ ಮೇವು ಇಳಿಸ್ಕಳಂಗಿಲ್ಲ, ಕಿಲಾರಿ ಕೋಲು ಹಿಡಿಯಂಗಿಲ್ಲ. ಅಷ್ಟೂ ಗೊತ್ತಿಲ್ವಾ ನಿಮಗೆ? ಮದ್ವೆಯಾಗಿ ಹೋದೋಳಿಗೆ ಮೂರು ದಿನ ಸಾಕು ಕಣಮ್ಮ. ನಾವೆಲ್ಲ ನೀರು ಹಾಕ್ಕಂಡ್ವಿ. ಇವ್ರು ಮಾತ್ರ ಏಳಂಗಿಲ್ಲ. ತವರಿನ ಸೀರೆ ಅಕ್ಕನ್ನ ಮುಟ್ಟೋವರ್ಗೂ ನನ್ನ ಸೂತಕ ಕಳೆಯಲ್ಲ ಅಂತ ಕುಂತುಬಿಟ್ಟೌರೆ."

ಸರ್, ಇಲ್ಲ ಅಂದವಳಿಗೆ ಯಾರಾದರೂ ಸೂತಕ ಹಿಡಿಯುತ್ತಾರೆಯೇ? ಆ ಶಾಮಿಯಾನದ ಕೆಳಗೆ, ಹಟ್ಟಿಯ ಎಲ್ಲರ ಮುಂದೆ ಕೋಲು ಒರಗಿಸಿ, ಇವಳು ನನ್ನ ಅಕ್ಕ ಎಂದು ಅವರು ಹೇಳಿದ್ದರು. ಓದು ಕಲಿತ ನನಗೆ, ತಾಲ್ಲೂಕಿನ ಹಟ್ಟಿಗಳೆಲ್ಲ ಗೊತ್ತು ಎಂದು ಕೊಚ್ಚಿಕೊಳ್ಳುವ ಓಬಳೇಶನಿಗೆ, ಒಬ್ಬರಿಗೂ ಅದು ತಿಳಿಯಲಿಲ್ಲ. ಮೇವು ಬೇಡ ಎಂದು ಅವರು ಅಂದದ್ದೇ ಇಲ್ಲ. ಅಂದದ್ದು ಓಬಳೇಶ, ಬರೆದದ್ದು ನಾನು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಗಾದ್ರಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನೀವು ಮೊದಲೇ ಕೇಳಿದ್ದಿರಿ, ಒಂದಕ್ಷರ ಬಿಡದೆ ಬರೆಯಿರಿ ಅಂತ. ಬರೆಯುತ್ತೇನೆ.

"ಅಪ್ಪ ಇರೋವರ್ಗೂ ಅಕ್ಕನ ಹೆಸರು ಎತ್ತಂಗಿರ್ಲಿಲ್ಲ. ಅಪ್ಪ ಹೋದ್ಮೇಲೆ ಕೋಲು ನನ್ನ ಕೈಗೆ ಬಂತು. ಈ ದನ ಬಿಟ್ಟು ಮೈಸೂರಿಗೆ ಹೆಂಗ್ ಹೋಗ್ಲಿ ನಾನು? ಅಕ್ಕನೇ ಬರ್ತಾಳೆ ಅನ್ಕಂಡೆ. ಅಪ್ಪ ಸತ್ತಾಗ ಬರ್ಲಿಲ್ಲ. ಮುನಿಸ್ಕಂಡೌಳೆ, ದೊಡ್ಡೂರ ಸೇರ್ಕಂಡು ನಮ್ಮನ್ನ ಮರ್ತೌಳೆ ಅನ್ಕಂಡೆ. ಭಾವ ಒಂದು ಮಾತು ಹೇಳಿ ಕಳ್ಸಿದ್ರೆ ಕೋಲು ಇನ್ನೊಬ್ರ ಕೈಗಿಟ್ಟು ನಡ್ಕೊಂಡಾದ್ರೂ ಬರ್ತಿದ್ದೆ. ಅದಿರ್ಲಿ. ನನ್ನ ಕಣ್ಣಿನ ಬಗ್ಗೆ ಅಕ್ಕ ಹೇಳ್ತಿದ್ಲಾ?"

ಹೇಳುತ್ತಿದ್ದರು ಅಂದೆ. ಚಳಿಗೆ ನೀರು ಸೋರುತ್ತದೆ ಎಂದು ಭಾವ ಕಾಗದದಲ್ಲಿ ಬರೆದಿದ್ದರು, ಅದಕ್ಕೇ ಆ ಕಂಬಳಿ ಅಂದೆ. ಅವರು ಆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅತ್ತರು. ಕರಿಯಕ್ಕನೂ ಅತ್ತರು, ನಾನೂ ಅತ್ತೆ.

ಆಮೇಲೆ ಮರದ ಕೊಂಬೆಯಿಂದ ಒಂದು ಗಂಟು ಇಳಿಸಿದರು. ಒಳಗೆ ಸೀರೆ. ತಮ್ಮ ಪಾಲಿನ ಕುರಿ ಮಾರಿ, ಮೊಳಕಾಲ್ಮೂರಿಗೆ ನಡೆದುಹೋಗಿ ತಂದದ್ದಂತೆ. ಯಾರ ಮನೆಯಲ್ಲಿ ಕೊಂಡಿರಿ ಎಂದು ಕೇಳಿದರೆ ಹೇಳಲಿಲ್ಲ. ಯುಗಾದಿಗೂ ಮೊದಲೇ ತಂದಿಟ್ಟುಕೊಂಡು, ಹೆಸರು ಓದಿದವರು ಯಾರಾದರೂ ಬರುತ್ತಾರೆ, ಅವರ ಕೈಯಲ್ಲಿ ಕಳಿಸೋಣ ಎಂದು ಕಾಯುತ್ತಿದ್ದರು. ನಾನೇ ಹೋಗಲಿಲ್ಲ ಸರ್. ನಾನು ಆಗ ಹೋಗಿದ್ದರೆ ಆ ಅಮಾವಾಸ್ಯೆಯ ಒಳಗೆ ಸೀರೆ ನಿಮ್ಮ ಮನೆಯಲ್ಲಿರುತ್ತಿತ್ತು.

"ಅಕ್ಕನ್ನ ಎಲ್ಲಿ ಮಣ್ಣು ಮಾಡೌರೆ? ಅದರ ಮೇಲೆ ಹೊದಿಸಾಕೆ ಹೇಳ್ರಿ" ಅಂದರು. ಅವರಲ್ಲಿ ಹೂಳುತ್ತಾರೆ, ಎಲ್ಲರನ್ನೂ ಹೂಳುತ್ತಾರೆ ಎಂದೇ ತಿಳಿದಿದ್ದಾರೆ. ಕಾವೇರಿಯ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಕೇಳಿ ಹೇಳುತ್ತೇನೆ ಎಂದು ಎದ್ದುಬಂದೆ.

ಸೀರೆಯನ್ನು ರಿಜಿಸ್ಟರ್ ಪಾರ್ಸೆಲಿನಲ್ಲಿ ಇದರೊಂದಿಗೇ ಕಳಿಸಿದ್ದೇನೆ. ಬಿಲ್ಲೆಗಳನ್ನೆಲ್ಲ ಬಿಚ್ಚಿಸಿದೆ, ಎಲ್ಲರದ್ದೂ. ದಾನಿಗಳಿಗೆ ಏನು ಉತ್ತರ ಹೇಳ್ತೀಯಾ ಎಂದು ಕಲ್ಲೇಶಪ್ಪನವರು ಕೂಗಾಡಿದರು. ಅವರಿಗೆಲ್ಲ ಒಂದೊಂದು ಕಾಗದ ಬರೆಯುತ್ತೇನೆ, ಬೈದವರು ಬೈಯಲಿ. ನಿಮಗೆ ಏನು ಬರೆಯಬೇಕು ಎಂದು ಮಾತ್ರ ನನಗೆ ತಿಳಿಯುತ್ತಿಲ್ಲ.

ಗಾದ್ರಪ್ಪನವರಿಗೆ ಏನು ಹೇಳಲಿ? ನೀವು ಹೇಳುವವರೆಗೂ ಅವರು ಆ ಮರದ ಕೆಳಗಿಂದ ಏಳುವುದಿಲ್ಲ.

ತಪ್ಪಿತಸ್ಥೆ,
ಶೈಲಜಾ

*

ಮೈಸೂರು
24 ಏಪ್ರಿಲ್ 2025

ತಾಯಿ ಶೈಲಜಾ,

ಕಾಗದವೂ ಸೀರೆಯೂ ಒಟ್ಟಿಗೇ ಬಂದವು. ಕೊಟ್ಟುಹೋದ ಪೋಸ್ಟ್‌ಮ್ಯಾನ್ ನನ್ನ ಕೈಕೆಳಗೆ ಕೆಲಸ ಕಲಿತವನು. "ಏನ್ ಸಾರ್, ಊರಿಂದ ಸೀರೆ ಬಂದಿದೆ, ಯಾರಿಗೆ?" ಎಂದು ನಗುತ್ತಾ ಕೇಳಿದ. ಮನೆಯವಳಿಗೆ ಅಂದೆ. ಅವನ ನಗು ನಿಂತುಹೋಯಿತು.

ಎರಡು ದಿನ ಗಂಟು ಬಿಚ್ಚಲಿಲ್ಲ. ನಿಮ್ಮ ಕಾಗದವನ್ನು ಮಾತ್ರ ಮತ್ತೆ ಮತ್ತೆ ಓದಿದೆ. ನಿಮ್ಮ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಬಂದೇ ಬರ್ತಾನೆ ಎಂದು ಅವಳು ಹೇಳಿದ್ದಳು. ಅವಳಿಗೆ ಅವಳ ತಮ್ಮ ಗೊತ್ತಿದ್ದ. ನಾನು ನಂಬಲಿಲ್ಲ. ಅವಳ ಬಾಯಿಂದ ಬಂದ ಮಾತನ್ನು ಬಿಟ್ಟು, ಕಂಡರಿಯದ ನಿಮ್ಮ ಓಬಳೇಶನ ಮಾತನ್ನು ನಂಬಿದೆ. ನೀವು ಬರೆದದ್ದು ಬಂದ ಕೂಡಲೇ ಒಂದು ಬಸ್ ಹತ್ತಿ ಬಂದು ನೋಡಬಹುದಿತ್ತು. ಹೊಳೆಗೆ ಹೋಗಲು ಕಾಲಿತ್ತು, ಕಾರೆಹಟ್ಟಿಗೆ ಬರಲು ಇರಲಿಲ್ಲ.

ಮೊನ್ನೆ ಗಂಟು ಬಿಚ್ಚಿದೆ. ಹಸಿರು ಮೈ, ಕುಂಕುಮ ಬಣ್ಣದ ಅಂಚು. ನೇಯುವ ಮನೆಯಲ್ಲಿ ಹುಟ್ಟಿದವನಲ್ಲವೇ, ಕೈ ತಾನಾಗಿ ಅಂಚಿಗೆ ಹೋಯಿತು. ಅಂಚನ್ನು ಮೈಗೆ ಕೂಡಿಸಿದ ಕಡೆ ಬೆರಳಾಡಿಸಿದರೆ ಯಾರ ಕೈ ಎಂದು ತಿಳಿಯುತ್ತದೆ. ಇದು ನಮ್ಮ ಮನೆಯ ಕೈ. ನಮ್ಮಪ್ಪ ನನಗೂ ನನ್ನ ತಮ್ಮನಿಗೂ ಕಲಿಸಿದ ಕೈ. ತಮ್ಮನೇ ನೇಯ್ದಿದ್ದಾನೆ. ಅಷ್ಟೊಂದು ಮಗ್ಗದ ಮನೆಗಳಿರುವ ಊರಿನಲ್ಲಿ ಗಾದ್ರಪ್ಪ ಕೇಳಿಕೊಂಡು ಹುಡುಕಿಕೊಂಡು ತನ್ನ ಅಕ್ಕ ಸೇರಿದ ಮನೆಗೇ ಹೋಗಿದ್ದಾನೆ. ಅವನು ಏನೆಂದು ಕೇಳಿದನೋ, ಇವನು ಏನೆಂದು ಕೊಟ್ಟನೋ. ಅವಳನ್ನು ಒಳಗೆ ಬಿಡದ ಎರಡು ಮನೆಗಳು ಅವಳು ಸತ್ತ ಮೇಲೆ ಒಂದು ಸೀರೆಗೆ ಸೇರಿವೆ. ಇದನ್ನು ಯಾರಿಗೆ ಹೇಳಲಿ? ಹೇಳಿದರೆ ಕುಣಿದಾಡುವವಳು ಒಬ್ಬಳೇ ಇದ್ದಳು.

ಹೊದಿಸಲು ಏನೂ ಉಳಿದಿಲ್ಲ. ಹಿತ್ತಿಲಿಗೆ ಹೋಗಿ ನುಗ್ಗೆ ಮರ ನೋಡಿದೆ. ಕುಡಿಕೆ ಕಟ್ಟಿದ್ದ ಹುರಿ ಕೊಂಬೆಯಲ್ಲೇ ಇತ್ತು. ಅದಕ್ಕೆ ಸೀರೆ ಹೊದಿಸುವುದೇ? ಹೊಳೆಗೆ ಬಿಡೋಣವೆಂದು ಶ್ರೀರಂಗಪಟ್ಟಣದ ಬಸ್ಸಿನವರೆಗೂ ಹೋಗಿ ವಾಪಸ್ ಬಂದೆ. ಅವಳಿಗಾಗಿ ಬಂದ ಮೊದಲನೇ ತವರಿನ ಸೀರೆಯನ್ನು ನೀರಿಗೆ ಹೇಗೆ ಎಸೆಯಲಿ?

ಕೊನೆಗೆ ಮಂಚದ ಮೇಲೆ ಹಾಸಿದೆ. ಗೋಡೆಯ ಕಡೆ, ಅವಳು ಮಲಗುತ್ತಿದ್ದ ಜಾಗದಲ್ಲಿ. ಅವಳು ಕೊನೆಯುಸಿರು ಬಿಟ್ಟದ್ದೂ ಅಲ್ಲೇ. ಸೆರಗನ್ನು ದಿಂಬಿನ ಮೇಲೆ ಬರುವ ಹಾಗೆ ಹಾಸಿ, ಅರಿಶಿನ ಕುಂಕುಮ ಇಟ್ಟೆ. ರೇಣುಕಾ, ಗಾದ್ರ ಸೀರೆ ಕಳಿಸಿದ್ದಾನೆ ಕಣೇ ಎಂದು ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಮನೆಯವರಿಗೆ ಕೇಳಿಸಿರಬೇಕು.

ಇನ್ನು ನೀವು ಮಾಡಬೇಕಾದ್ದು ಇಷ್ಟು. ಇದು ಸಿಕ್ಕ ದಿನವೇ ಕಾರೆಹಟ್ಟಿಗೆ ಹೋಗಿ. ಸೀರೆ ಅಕ್ಕನಿಗೆ ಮುಟ್ಟಿತು, ಭಾವನೇ ಕೈಯಾರೆ ಹೊದಿಸಿದ ಎಂದು ಹೇಳಿ. ಇದು ಸುಳ್ಳಲ್ಲ. ನೀರು ಹಾಕಿಕೊಂಡು ಅವನು ಕೋಲು ಹಿಡಿಯಲಿ. ದನ ಅವನ ಕೂಗಿಗೆ ಕಾಯುತ್ತಿರುತ್ತವೆ. ಆಮೇಲೆ ಶೆಡ್ಡಿನಲ್ಲಿರುವ ಹೊಟ್ಟನ್ನು ಇಳಿಸಿ, ಯಾರ ಹೆಸರನ್ನೂ ಹೇಳಬೇಡಿ.

ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಮತ್ತೆ ಕೇಳಿದರೆ, ಭಾವ ಬಂದು ಹೇಳುತ್ತಾನೆ ಅನ್ನಿ. ಹೊಳೆಯ ವಿಷಯವನ್ನು ನೀವು ಬಾಯಿ ಬಿಡಬೇಡಿ. ಸುಟ್ಟಿದ್ದು, ಮರಕ್ಕೆ ಕಟ್ಟಿದ್ದು, ನಿನಗೆ ಬೇಡವಾದಳು ಎಂದುಕೊಂಡು ನೀರಿಗೆ ಬಿಟ್ಟದ್ದು, ಎಲ್ಲವನ್ನೂ ಅವನೆದುರು ಕೂತು ನಾನೇ ಹೇಳಬೇಕು. ಅದನ್ನು ಇನ್ನೊಬ್ಬರ ಕೈಯಲ್ಲಿ ಹೇಳಿಸುವುದಿಲ್ಲ. ಬರುವ ವಾರ ಹೊರಡುತ್ತೇನೆ. ಚಳ್ಳಕೆರೆ ಬಸ್ ನಿಲ್ದಾಣಕ್ಕೆ ಯಾರೂ ಬರಬೇಡಿ. ಹಾರ ಬೇಡ, ಫೋಟೋ ಬೇಡ. ದಾರಿ ನನಗೆ ಗೊತ್ತಿದೆ.

ಅವನು ಏನಂದರೂ ಕೇಳಿಕೊಂಡು ಬರುತ್ತೇನೆ.

ಸೀರೆಯನ್ನು ಇನ್ನೂ ಮಡಚಿಲ್ಲ. ನಾನು ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೇನೆ.

ನಾಗಭೂಷಣ